ಖಾಲಿ ಗಾಡಿಯ ವಾಪಸ್ ದಾರಿಗೆ ಬಾಡಿಗೆ ಯಾರದು?

ಅಮೆರಿಕದ ಡೆಟ್ರಾಯ್ಟ್ ಸುತ್ತಲಿನ ಊರುಗಳಲ್ಲಿ ಕಾರಿನ ಬಿಡಿಭಾಗ ತಯಾರಿಸುವ ಕಾರ್ಖಾನೆಗಳು ಸಾಲುಸಾಲಾಗಿವೆ. ಅಲ್ಲಿಂದ ಕೆಂಟಕಿಯ ಜಾರ್ಜ್‌ಟೌನಿಗೋ ಟೆಕ್ಸಸ್ಸಿನ ಗಡಿಗೋ ಹೋಗಬೇಕಾದ ಒಂದೇ ಒಂದು ಪೆಟ್ಟಿಗೆ ಹೊತ್ತಿಗೆ ಸರಿಯಾಗಿ ತಲುಪದಿದ್ದರೆ, ಸಾವಿರಾರು ಜನ ದುಡಿಯುವ ಅಸೆಂಬ್ಲಿ ಲೈನ್ ನಿಂತುಬಿಡುತ್ತದೆ. ದಾಸ್ತಾನು ಪೇರಿಸಿಡದೆ, ಬೇಕಾದ ಹೊತ್ತಿಗೆ ಬೇಕಾದಷ್ಟನ್ನೇ ತರಿಸಿಕೊಳ್ಳುವ ‘ಜಸ್ಟ್ ಇನ್ ಟೈಮ್’ ಪದ್ಧತಿಯನ್ನು ಜಪಾನಿನ ಟೊಯೋಟಾ ರೂಪಿಸಿತು. 1980ರ ದಶಕದಿಂದೀಚೆಗೆ ಅಮೆರಿಕದ ಕಾರು ಉದ್ಯಮವೂ ಅದನ್ನು ಮೈಗೂಡಿಸಿಕೊಂಡಿತು. ಗೋದಾಮಿನ ಖರ್ಚು ಉಳಿಯಿತು. ಆದರೆ ಎಲ್ಲೋ ಒಂದು ಯಂತ್ರ ಕೆಟ್ಟಾಗ, ಹಿಮ ಬಿದ್ದು ರಸ್ತೆ ಮುಚ್ಚಿದಾಗ, ತಯಾರಾದ ಮಾಲು ಗುಣಮಟ್ಟದ ಪರೀಕ್ಷೆಯಲ್ಲಿ ತಿರಸ್ಕೃತವಾದಾಗ, ಆ ಕೊರತೆಯನ್ನು ರಾತ್ರೋರಾತ್ರಿ ತುಂಬಲು ಯಾರಾದರೂ ಗಾಡಿ ಹೊಡೆಯಲೇಬೇಕು. ತುರ್ತು ಸರಕು ಸಾಗಣೆ ಎಂಬ ವ್ಯವಹಾರ ಬೆಳೆದದ್ದು ಈ ಕೆಲಸದಿಂದ.

ಇದು ಸಣ್ಣ ವ್ಯವಹಾರವೇನಲ್ಲ. ಒಹಾಯೊ ರಾಜ್ಯದ ಆಕ್ರನ್‌ನಲ್ಲಿ ಬೆಳೆದ ರಾಬರ್ಟ್ಸ್ ಎಕ್ಸ್‌ಪ್ರೆಸ್ ಕಂಪನಿ 1998ರಲ್ಲಿ ಫೆಡ್‌ಎಕ್ಸ್ ತೆಕ್ಕೆಗೆ ಹೋಗಿ, 2000ದಲ್ಲಿ ಫೆಡ್‌ಎಕ್ಸ್ ಕಸ್ಟಮ್ ಕ್ರಿಟಿಕಲ್ ಆಯಿತು. ಅದೇ ರಾಜ್ಯದ ಪ್ಯಾಂಥರ್ ಕಂಪನಿಯನ್ನು ಅರ್ಕಾನ್ಸಾಸ್‌ನ ದೊಡ್ಡ ಸಾಗಣೆ ಸಂಸ್ಥೆಯೊಂದು 2012ರಲ್ಲಿ 18 ಕೋಟಿ ಡಾಲರ್ ಕೊಟ್ಟು ಕೊಂಡಿತು. ಹೆಸರು, ಲಾಂಛನ, ಗಿರಾಕಿಗಳ ಪಟ್ಟಿ ಈ ಕಂಪನಿಗಳವು. ಗಾಡಿಗಳು ಬಹುಮಟ್ಟಿಗೆ ಅವುಗಳವಲ್ಲ. ಎರಡು ಮೂರು ಪ್ಯಾಲೆಟ್ ಹಿಡಿಸುವ ವ್ಯಾನೋ, ಅದಕ್ಕಿಂತ ದೊಡ್ಡ ಮುಚ್ಚಿದ ಟ್ರಕ್ಕೋ ಇಟ್ಟುಕೊಂಡ ಸ್ವಂತ ಗಾಡಿಯ ಚಾಲಕರು ಒಪ್ಪಂದದ ಮೇಲೆ ಇವರಿಗೆ ಓಡುತ್ತಾರೆ. ದೊಡ್ಡ ಟ್ರಕ್ಕುಗಳಲ್ಲಿ ಗಂಡ ಹೆಂಡತಿ ಇಬ್ಬರೂ ಸರದಿಯಲ್ಲಿ ಓಡಿಸುವುದುಂಟು. ಇನ್ನು ಕೆಲವೆಡೆ ಗಾಡಿಯ ಮಾಲೀಕ ಒಬ್ಬ, ಓಡಿಸುವವನು ಇನ್ನೊಬ್ಬ. ಬಂದ ಬಾಡಿಗೆಯಲ್ಲಿ ಇಬ್ಬರಿಗೂ ಶೇಕಡಾವಾರು ಪಾಲು.

ಬಾಡಿಗೆಯ ಲೆಕ್ಕ ಸಾಮಾನ್ಯವಾಗಿ ಮೈಲಿಗೆ ಇಷ್ಟು ಎಂದು. ಯಾವ ಮೈಲಿಗೆ ಎಂಬಲ್ಲಿ ತಕರಾರು ಶುರುವಾಗುತ್ತದೆ. ಸರಕು ತುಂಬಿದ ಜಾಗದಿಂದ ಇಳಿಸುವ ಜಾಗದವರೆಗಿನ ಮೈಲಿಗೆ ದುಡ್ಡು ಬರುತ್ತದೆ. ಇಳಿಸಿದ ಮೇಲೆ ಗಾಡಿ ಮನೆಗೆ ಬರಬೇಕು, ಇಲ್ಲವೇ ಮುಂದಿನ ಲೋಡು ಸಿಗುವ ಊರಿಗೆ ಹೋಗಬೇಕು. ಆ ಖಾಲಿ ಓಟಕ್ಕೆ ಎಷ್ಟೋ ಸಲ ಏನೂ ಸಿಗುವುದಿಲ್ಲ, ಸಿಕ್ಕರೂ ಅಲ್ಪಸ್ವಲ್ಪ. ಪೆಟ್ಟಿಗೆ ಕಳಿಸಿದವರ ದೃಷ್ಟಿಯಲ್ಲಿ ಕೆಲಸ ಇಳಿಸಿದಲ್ಲಿಗೆ ಮುಗಿಯಿತು, ಚಾಲಕನಿಗೆ ಆಗಿರುವುದು ಅರ್ಧ ದಾರಿ ಮಾತ್ರ.

ಒಂದು ಲೆಕ್ಕ ಹಾಕಿ ನೋಡೋಣ. ಡೆಟ್ರಾಯ್ಟಿನಿಂದ ಫ್ಲಾರಿಡಾದ ಮಯಾಮಿಗೆ ಸುಮಾರು 1,400 ಮೈಲಿ. ಬೆಂಗಳೂರಿನಿಂದ ದೆಹಲಿಗೆ ಹೋದಷ್ಟು ದೂರ. ಒಂದು ವ್ಯಾನಿಗೆ ಮೈಲಿಗೆ 1 ಡಾಲರ್ 20 ಸೆಂಟ್ ಬಾಡಿಗೆ ಎಂದಿಟ್ಟುಕೊಂಡರೆ ಕೈಗೆ ಬರುವುದು 1,680 ಡಾಲರ್. ಕೇಳುವುದಕ್ಕೆ ಚೆನ್ನಾಗಿದೆ. ಈಗ ಖರ್ಚು ನೋಡಬೇಕು. ವ್ಯವಹಾರಕ್ಕಾಗಿ ವಾಹನ ಓಡಿಸುವವರು ಮೈಲಿಗೆ ಎಷ್ಟು ಖರ್ಚು ತೋರಿಸಬಹುದು ಎಂದು ಅಮೆರಿಕದ ತೆರಿಗೆ ಇಲಾಖೆ ಪ್ರತಿವರ್ಷ ಒಂದು ದರ ಪ್ರಕಟಿಸುತ್ತದೆ. ಇಂಧನ, ರಿಪೇರಿ, ಟೈರು, ವಿಮೆ, ವಾಹನದ ಸವಕಳಿ ಎಲ್ಲವೂ ಸೇರಿದ ಆ ದರ 2025ಕ್ಕೆ 70 ಸೆಂಟ್. ಮೈಲಿ ತುಂಬಿದ ಗಾಡಿಯದೋ ಖಾಲಿ ಗಾಡಿಯದೋ ಎಂದು ತೆರಿಗೆ ಇಲಾಖೆ ಕೇಳುವುದಿಲ್ಲ. ಹೋಗಿ ಬರುವ 2,800 ಮೈಲಿಗೆ ಈ ದರದಲ್ಲಿ ಖರ್ಚು 1,960 ಡಾಲರ್. ಅಂದರೆ ವಾಪಸ್ ಬರುವಾಗ ಲೋಡು ಸಿಗದಿದ್ದರೆ ಆ ಚಾಲಕ ತನ್ನ ಕೈಯಿಂದಲೇ 280 ಡಾಲರ್ ಹಾಕಿ ಬೇರೆಯವರ ಪೆಟ್ಟಿಗೆಯನ್ನು ಮಯಾಮಿಗೆ ಮುಟ್ಟಿಸಿದ ಹಾಗಾಯಿತು.

ಬಾಡಿಗೆ ಇನ್ನೂ ಒಳ್ಳೆಯದು, ಮೈಲಿಗೆ 1 ಡಾಲರ್ 60 ಸೆಂಟ್ ಎಂದೇ ಇಟ್ಟುಕೊಳ್ಳಿ. ಬಂದದ್ದು 2,240 ಡಾಲರ್, ಖರ್ಚು ಕಳೆದು ಉಳಿದದ್ದು 280. ಗಂಟೆಗೆ ಸರಾಸರಿ 50 ಮೈಲಿಯ ಲೆಕ್ಕದಲ್ಲಿ 2,800 ಮೈಲಿ ಓಡಿಸಲು 56 ಗಂಟೆ ಬೇಕು. ಕಾಯುವುದು, ತುಂಬುವುದು, ಇಳಿಸುವುದು ಯಾವುದೂ ಇದರಲ್ಲಿ ಸೇರಿಲ್ಲ. ಗಂಟೆಗೆ 5 ಡಾಲರ್ ಬಿತ್ತು. ಅಮೆರಿಕದ ಕೇಂದ್ರ ಸರ್ಕಾರದ ಕನಿಷ್ಠ ಕೂಲಿ 2009ರಿಂದ ಗಂಟೆಗೆ 7 ಡಾಲರ್ 25 ಸೆಂಟ್. ಹೋಟೆಲಿನಲ್ಲಿ ಪಾತ್ರೆ ತೊಳೆಯುವ ಕೆಲಸಕ್ಕೆ ಕಾನೂನು ಗೊತ್ತುಮಾಡಿದ ಕನಿಷ್ಠವೂ, ಸ್ವಂತ ಗಾಡಿಗೆ ಸಾಲ ಮಾಡಿ, ನಿದ್ದೆಗೆಟ್ಟು ಓಡಿಸಿದವನಿಗೆ ದಕ್ಕುವುದಿಲ್ಲ.

ಇಷ್ಟಾದರೂ ಚಾಲಕರು ಯಾಕೆ ಒಪ್ಪಿಕೊಳ್ಳುತ್ತಾರೆ? ಈ ನಷ್ಟದ ದೊಡ್ಡ ಭಾಗ ಅಂದಂದಿಗೆ ಕಣ್ಣಿಗೆ ಬೀಳುವುದಿಲ್ಲ. ಪೆಟ್ರೋಲ್ ಬಂಕಿನಲ್ಲಿ ಕೊಟ್ಟ ದುಡ್ಡು ನೆನಪಿರುತ್ತದೆ. ಎಂಜಿನ್ನಿನ ಆಯುಸ್ಸಿನಲ್ಲಿ 2,800 ಮೈಲಿ ಕಡಿಮೆಯಾದದ್ದಕ್ಕೆ ಆ ದಿನ ಯಾರೂ ಬಿಲ್ಲು ಕೊಡುವುದಿಲ್ಲ. ಕೈಯಲ್ಲಿ ನೋಟು ಉಳಿದಂತೆ ಕಾಣುತ್ತದೆ, ವಾರ ಕಳೆಯುತ್ತದೆ. ಎರಡು ಮೂರು ವರ್ಷದ ಮೇಲೆ ಟ್ರಾನ್ಸ್‌ಮಿಷನ್ ಹೋದಾಗ ಉಳಿಸಿದ್ದೇನೂ ಇಲ್ಲ ಎಂಬುದು ಗೊತ್ತಾಗುತ್ತದೆ. ಅಷ್ಟರಲ್ಲಿ ಆ ಗಿರಾಕಿಯ ಪೆಟ್ಟಿಗೆಗಳೆಲ್ಲ ಕಡಿಮೆ ದರದಲ್ಲಿ ಊರು ಸೇರಿಯಾಗಿರುತ್ತವೆ. ಈ ವ್ಯವಹಾರದ ಕಡಿಮೆ ದರಗಳನ್ನು ಹೀಗೆ ಅನೇಕ ಸಲ ಭರಿಸಿರುವುದು ಚಾಲಕನ ಗಾಡಿಯ ಸವಕಳಿ.

ವಾಪಸ್ ಬರುವಾಗ ಬೇರೆ ಲೋಡು ಹಿಡಿದುಕೊಂಡು ಬರಲಿ ಎಂಬುದು ಗಿರಾಕಿಯ ಕಡೆಯವರ ಉತ್ತರ. ಮಾಮೂಲಿ ಲಾರಿ ವ್ಯವಹಾರಕ್ಕೆ ಈ ಉತ್ತರ ಸಲ್ಲುತ್ತದೆ. ಒಂದೇ ದಾರಿಯಲ್ಲಿ ವಾರಕ್ಕೆರಡು ಸಲ ಓಡುವ ದೊಡ್ಡ ಟ್ರಕ್ಕಿಗೆ ಆ ಕಡೆಯ ಗಿರಾಕಿಗಳೂ ಗೊತ್ತಿರುತ್ತಾರೆ, ರಿಟರ್ನ್ ಲೋಡನ್ನು ಮೊದಲೇ ಗೊತ್ತುಮಾಡಿಕೊಂಡು ಹೊರಡಬಹುದು. ತುರ್ತು ಸಾಗಣೆಯಲ್ಲಿ ಅದು ಆಗದು. ಕರೆ ಬಂದ ಮೇಲೆ ಊರಿನ ಹೆಸರು ತಿಳಿಯುತ್ತದೆ. ಗಂಟೆಯೊಳಗೆ ಹೊರಡಬೇಕು. ಹೋಗುವ ಊರಿನಲ್ಲಿ ಅದೇ ದಿನ, ಅದೇ ಅಳತೆಯ ಗಾಡಿಗೆ, ತಿರುಗಿ ಬರುವ ದಿಕ್ಕಿನಲ್ಲೇ ಇನ್ನೊಂದು ತುರ್ತು ಹುಟ್ಟಿಕೊಂಡಿರಬೇಕು ಎಂದರೆ ಅದು ಅದೃಷ್ಟಕ್ಕೆ ಬಿಟ್ಟದ್ದು. ಗಾಡಿ ಪೂರ್ತಿ ತನಗೇ ಮೀಸಲು, ಬೇರೆಯವರ ಸರಕು ಜತೆಗೆ ಹಾಕುವಂತಿಲ್ಲ ಎಂಬುದೂ ಗಿರಾಕಿಯದೇ ಷರತ್ತು. ಇನ್ನು ಫ್ಲಾರಿಡಾದಂಥ ಕಡೆ ಒಳಗೆ ಬರುವ ಸರಕು ಹೆಚ್ಚು, ಹೊರಗೆ ಹೋಗುವುದು ಕಡಿಮೆ. ವಸಂತದಲ್ಲಿ ತರಕಾರಿ ಹಣ್ಣಿನ ಸುಗ್ಗಿ ಬಿಟ್ಟರೆ ಅಲ್ಲಿಂದ ಹೊರಡುವ ಗಾಡಿಗಳಿಗೆ ಒಳ್ಳೆಯ ದರ ಸಿಗುವುದೇ ಕಷ್ಟ. ಅನುಭವಸ್ಥ ಚಾಲಕರು ಅಲ್ಲಿಗೆ ಹೋಗುವ ಬಾಡಿಗೆಯನ್ನು ಹೆಚ್ಚು ಕೇಳುವುದು ಇದಕ್ಕಾಗಿಯೇ. ಅಂದರೆ ವಾಪಸ್ ದಾರಿಗೂ ಬೆಲೆಯಿದೆ ಎಂಬುದನ್ನು ಮಾರುಕಟ್ಟೆ ಒಳಗೊಳಗೇ ಒಪ್ಪಿಕೊಂಡಿದೆ. ಅದನ್ನು ಎಲ್ಲರಿಗೂ ಅನ್ವಯಿಸುವ ನಿಯಮವಾಗಿ ಬರೆದಿಡಲು ಹಿಂಜರಿಯುತ್ತದೆ.

ಗಿರಾಕಿಯ ವಾದದಲ್ಲಿ ನಿಜವಾದ ಒಂದು ಕಷ್ಟವೂ ಇದೆ, ಅದನ್ನು ಬದಿಗೆ ತಳ್ಳುವುದು ಸರಿಯಲ್ಲ. ವಾಪಸ್ ದಾರಿಗೂ ಪೂರ್ತಿ ಬಾಡಿಗೆ ಕೊಟ್ಟು, ಚಾಲಕನಿಗೆ ಮಯಾಮಿಯಲ್ಲೇ ಮತ್ತೊಂದು ಲೋಡೂ ಸಿಕ್ಕಿತೆನ್ನಿ. ಒಂದೇ ದಾರಿಗೆ ಎರಡು ಸಲ ದುಡ್ಡಾಯಿತು. ಆ ಹೆಚ್ಚಿನ ಹೊರೆಯನ್ನು ಮೊದಲ ಗಿರಾಕಿ ಯಾಕೆ ಹೊರಬೇಕು? ಹೋಗುವ ದಾರಿ, ಬರುವ ದಾರಿ ಎರಡರ ಖರ್ಚೂ ಒಂದಕ್ಕೊಂದು ಹೆಣೆದುಕೊಂಡಿರುವಾಗ ಯಾವ ಗಿರಾಕಿಗೆ ಎಷ್ಟು ಹಂಚಬೇಕು ಎಂಬುದು ರೈಲು ದರಗಳ ಕಾಲದ ಪ್ರಶ್ನೆ. 1913ರಷ್ಟು ಹಿಂದೆಯೇ ಹಾರ್ವರ್ಡಿನ ಟೌಸಿಗ್ ಮತ್ತು ಕೇಂಬ್ರಿಜಿನ ಪಿಗೂ ಎಂಬ ಅರ್ಥಶಾಸ್ತ್ರಜ್ಞರು ಇಂಥ ಜಂಟಿ ಖರ್ಚಿನ ಬಗ್ಗೆ ಪತ್ರಿಕೆಯಲ್ಲಿ ವಾದಕ್ಕಿಳಿದಿದ್ದರು. ಹಂಚಿಕೆಗೆ ಒಂದೇ ಸರಿಯಾದ ಸೂತ್ರವಿಲ್ಲದಿರಬಹುದು. ಹಾಗೆಂದು ಆ ಖರ್ಚನ್ನೆಲ್ಲ ಮೂರನೆಯವನಾದ ಚಾಲಕನ ತಲೆಗೆ ಕಟ್ಟುವುದಕ್ಕೆ ಯಾವ ಸೂತ್ರದಲ್ಲೂ ಸಮರ್ಥನೆ ಸಿಗದು.

ಈ ಸ್ಥಿತಿ ಹೇಗೆ ಬಂತು ಎಂಬುದಕ್ಕೆ 1980ರ ಮೋಟಾರ್ ಕ್ಯಾರಿಯರ್ ಕಾಯ್ದೆಯವರೆಗೆ ಹಿಂದೆ ಹೋಗಬೇಕು. ಅಧ್ಯಕ್ಷ ಜಿಮ್ಮಿ ಕಾರ್ಟರ್ ಆ ವರ್ಷದ ಜುಲೈ 1ರಂದು ಅದಕ್ಕೆ ಸಹಿ ಹಾಕಿದರು. ಅದಕ್ಕೆ ಮೊದಲು ಯಾವ ಕಂಪನಿ ಯಾವ ದಾರಿಯಲ್ಲಿ ಯಾವ ಸರಕು ಒಯ್ಯಬಹುದು ಎಂಬುದನ್ನು ಸರ್ಕಾರದ ಆಯೋಗ ಪರವಾನಗಿಯಲ್ಲಿ ಬರೆದುಕೊಡುತ್ತಿತ್ತು. ಹೋಗುವಾಗ ತುಂಬಿಕೊಂಡು ಹೋಗಲು ಅನುಮತಿ ಇದ್ದವನಿಗೆ ಬರುವಾಗ ತುಂಬಿಕೊಳ್ಳಲು ಇಲ್ಲದ ಪ್ರಸಂಗಗಳು ಸಾಕಷ್ಟಿದ್ದವು. ಕಾನೂನೇ ಗಾಡಿಯನ್ನು ಖಾಲಿ ಕಳಿಸುತ್ತಿತ್ತು. ಅದು ದೇಶಕ್ಕೇ ದಂಡ, ತೆಗೆದದ್ದು ಒಳ್ಳೆಯದಾಯಿತು. ಆದರೆ ಆ ಹಳೆಯ ವ್ಯವಸ್ಥೆಯಲ್ಲಿ ದರಗಳು ಸಾಮೂಹಿಕವಾಗಿ ನಿಗದಿಯಾಗುತ್ತಿದ್ದುದರಿಂದ ಖಾಲಿ ವಾಪಸಾತಿಯ ಖರ್ಚೂ ದರದೊಳಗೆ ಸೇರುತ್ತಿತ್ತು. ಕಟ್ಟು ಬಿಚ್ಚಿದ ಮೇಲೆ ಸ್ಪರ್ಧೆ ಏರಿ ದರ ಇಳಿಯಿತು. ಖಾಲಿ ಮೈಲಿಗಳು ಕಡಿಮೆಯಾದವು, ಇಲ್ಲವಾಗಲಿಲ್ಲ. ಉಳಿದ ಖಾಲಿ ಮೈಲಿಗಳ ಖರ್ಚು ದರಪಟ್ಟಿಯಿಂದ ಜಾರಿ ಚಾಲಕನ ಜೇಬಿಗೆ ಬಂದು ಬಿತ್ತು.

ಡೆಟ್ರಾಯ್ಟಿನ ವೇಯ್ನ್ ಸ್ಟೇಟ್ ವಿಶ್ವವಿದ್ಯಾಲಯದ ಮೈಕೆಲ್ ಬೆಲ್ಜರ್ ಈ ಬದಲಾವಣೆಯನ್ನು ಅಧ್ಯಯನ ಮಾಡಿ 2000ದಲ್ಲಿ ಒಂದು ಪುಸ್ತಕವನ್ನೇ ಬರೆದರು. ಸ್ವತಃ ಟ್ರಕ್ ಓಡಿಸಿದ ಅನುಭವವಿದ್ದ ಪ್ರಾಧ್ಯಾಪಕ ಅವರು. ಕೂಲಿಗೂ ಅಪಘಾತಕ್ಕೂ ಇರುವ ನಂಟನ್ನು ಅಂಕಿಅಂಶದಿಂದ ತೋರಿಸಿದ್ದು ಅವರ ಮತ್ತು ಅವರ ಸಹೋದ್ಯೋಗಿಗಳ ದೊಡ್ಡ ಕೊಡುಗೆ. ಜೆ.ಬಿ. ಹಂಟ್ ಎಂಬ ದೊಡ್ಡ ಕಂಪನಿ 1997ರಲ್ಲಿ ಚಾಲಕರ ದರವನ್ನು ಸರಾಸರಿ ಶೇ 39ರಷ್ಟು ಏರಿಸಿದಾಗ ಅನುಭವಸ್ಥರು ಕೆಲಸಕ್ಕೆ ಬಂದರು, ಬಿಟ್ಟು ಹೋಗುವವರು ಕಡಿಮೆಯಾದರು, ಅಪಘಾತಗಳೂ ಗಣನೀಯವಾಗಿ ಇಳಿದವು. ಕೂಲಿ ಸಿಗದ ಗಂಟೆಗಳು ಹೆಚ್ಚಾದಷ್ಟೂ ಚಾಲಕ ಅದನ್ನು ತುಂಬಿಕೊಳ್ಳಲು ಇನ್ನಷ್ಟು ಹೊತ್ತು ಓಡಿಸುತ್ತಾನೆ. ಈ ಮಾತನ್ನು ತಿಳಿಯಲು ಪ್ರೊಫೆಸರ್ ಬೇಕಿಲ್ಲ ಎನ್ನಿಸಬಹುದು, ಆದರೆ ನ್ಯಾಯಾಲಯದಲ್ಲೂ ಸಂಸತ್ತಿನಲ್ಲೂ ಲೆಕ್ಕವಿಲ್ಲದ ಮಾತಿಗೆ ಬೆಲೆಯಿಲ್ಲ.

ನನ್ನನ್ನು ಹೆಚ್ಚು ಕಾಡುವುದು ವ್ಯಾನ್ ಚಾಲಕರ ವಿಷಯ. ಅಮೆರಿಕದಲ್ಲಿ ದೊಡ್ಡ ಟ್ರಕ್ಕಿನ ಚಾಲಕ ಹತ್ತು ಗಂಟೆ ಬಿಡುವಿನ ನಂತರ 14 ಗಂಟೆಯ ಅವಧಿಯಲ್ಲಿ 11 ಗಂಟೆ ಮಾತ್ರ ಓಡಿಸಬಹುದು. ಗಾಡಿಯಲ್ಲಿರುವ ಎಲೆಕ್ಟ್ರಾನಿಕ್ ಯಂತ್ರ ಅದನ್ನು ದಾಖಲಿಸುತ್ತದೆ. ಆದರೆ ಒಟ್ಟು ತೂಕದ ಮಿತಿ 10,001 ಪೌಂಡಿಗಿಂತ, ಅಂದರೆ ಸುಮಾರು 4,536 ಕಿಲೊಗಿಂತ ಕಡಿಮೆಯಿರುವ ವ್ಯಾನುಗಳಿಗೆ, ಅಪಾಯಕಾರಿ ಸರಕು ಇಲ್ಲದಿದ್ದರೆ, ಕೇಂದ್ರದ ಈ ನಿಯಮ ಅನ್ವಯಿಸುವುದಿಲ್ಲ. ಮಯಾಮಿಯಿಂದ ಕೂಲಿಯಿಲ್ಲದೆ 1,400 ಮೈಲಿ ವಾಪಸ್ ಬರಬೇಕಾದವನಿಗೆ ಮೋಟೆಲಿನ ಖರ್ಚು ಉಳಿಸಬೇಕು, ನಾಳೆಯ ಲೋಡಿಗೆ ಊರು ಸೇರಿರಬೇಕು. ಅವನ ಕಣ್ಣು ಎಳೆಯುತ್ತಿದ್ದರೂ ನಿಲ್ಲಿಸು ಎನ್ನುವ ಯಂತ್ರ ಗಾಡಿಯಲ್ಲಿಲ್ಲ. ಅದೇ ಹೆದ್ದಾರಿಯಲ್ಲಿ ಮಕ್ಕಳನ್ನು ಕೂರಿಸಿಕೊಂಡು ಹೋಗುವ ಕುಟುಂಬಗಳೂ ಇರುತ್ತವೆ. ಹಾಗಾಗಿ ವಾಪಸ್ ದಾರಿಯ ಕೂಲಿಯನ್ನು ಗಿರಾಕಿ ಮತ್ತು ಚಾಲಕರ ಖಾಸಗಿ ಚೌಕಾಸಿ ಎಂದು ಬಿಟ್ಟುಬಿಡಲು ನನಗೆ ಸಾಧ್ಯವಾಗುತ್ತಿಲ್ಲ.

ಕಾನೂನು ಪೂರಾ ಸುಮ್ಮನಿದೆ ಎಂದೂ ಅಲ್ಲ. ಅಂತರರಾಜ್ಯ ಸಾಗಣೆಯ ಚಾಲಕರಿಗೆ ಓವರ್‌ಟೈಮ್ ಇಲ್ಲ ಎಂದು 1938ರ ಕಾರ್ಮಿಕ ಕಾಯ್ದೆಯೇ ಹೊರಗಿಟ್ಟಿತ್ತು. 2008ರ ತಿದ್ದುಪಡಿ ಸಣ್ಣ ಗಾಡಿಗಳ ಚಾಲಕರಿಗೆ ಆ ಹಕ್ಕನ್ನು ಕೊಟ್ಟಿತು. ಆದರೆ ಅದು ಸಿಗುವುದು ನೌಕರರಿಗೆ. ಸ್ವಂತ ವ್ಯಾನಿನ ಒಪ್ಪಂದದ ಚಾಲಕ ಕಾಗದದ ಮೇಲೆ ಒಬ್ಬ ವ್ಯಾಪಾರಿ, ನೌಕರನಲ್ಲ. ಕನಿಷ್ಠ ಕೂಲಿಯೂ ಅವನಿಗೆ ಅನ್ವಯಿಸುವುದಿಲ್ಲ. ಕ್ಯಾಲಿಫೋರ್ನಿಯಾ ರಾಜ್ಯ ಒಂದು ಹೆಜ್ಜೆ ಮುಂದೆ ಹೋಯಿತು. ಇಷ್ಟು ಕೆಲಸಕ್ಕೆ ಇಷ್ಟು ಎಂದು ದುಡ್ಡು ಪಡೆಯುವ ನೌಕರರಿಗೆ ವಿರಾಮಕ್ಕೂ, ಮಾಲೀಕನ ಹಿಡಿತದಲ್ಲಿದ್ದುಕೊಂಡು ಲೆಕ್ಕಕ್ಕೆ ಬಾರದ ಕೆಲಸದಲ್ಲಿ ಕಳೆದ ಹೊತ್ತಿಗೂ ಬೇರೆಯೇ ಕೂಲಿ ಕೊಡಬೇಕು ಎಂಬ ಅಲ್ಲಿನ ಕಾನೂನು 2016ರ ಜನವರಿಯಲ್ಲಿ ಜಾರಿಗೆ ಬಂತು. ಅದೇ ವರ್ಷ ವಾಲ್‌ಮಾರ್ಟ್ ಟ್ರಕ್ ಚಾಲಕರ ಮೊಕದ್ದಮೆಯಲ್ಲಿ ಸ್ಯಾನ್‌ಫ್ರಾನ್ಸಿಸ್ಕೊದ ಜ್ಯೂರಿ 5.46 ಕೋಟಿ ಡಾಲರ್ ಕೊಡಬೇಕೆಂದು ತೀರ್ಪಿತ್ತಿತು. ರಾತ್ರಿಯ ಹತ್ತು ಗಂಟೆ ತಂಗುವಿಕೆಗೆ ಕಂಪನಿ 42 ಡಾಲರ್ ಕೊಡುತ್ತಿತ್ತು. ಆ ಹೊತ್ತು ಚಾಲಕನದಲ್ಲ, ಕಂಪನಿಯ ಹಿಡಿತದ್ದು, ಹಾಗಾಗಿ ಕನಿಷ್ಠ ಕೂಲಿ ಕೊಡಬೇಕಿತ್ತು ಎಂಬುದು ಚಾಲಕರ ವಾದ. 2020ರಲ್ಲಿ ಮೇಲ್ಮನವಿ ನ್ಯಾಯಾಲಯವೂ ಈ ತೀರ್ಪನ್ನು ಎತ್ತಿಹಿಡಿಯಿತು. ಅವರು ಕಂಪನಿಯ ಸಂಬಳದ ಚಾಲಕರು ಎಂಬುದನ್ನು ಮರೆಯುವಂತಿಲ್ಲ. ಆದರೂ ಚಕ್ರ ತಿರುಗದ ಹೊತ್ತಿಗೂ ಬೆಲೆಯಿದೆ ಎಂದು ನ್ಯಾಯಾಲಯ ಹೇಳಿದ ಮೇಲೆ, ಚಕ್ರ ತಿರುಗುತ್ತಲೇ ಇರುವ ಖಾಲಿ ದಾರಿಗೆ ಬೆಲೆಯಿಲ್ಲ ಎನ್ನುವುದು ಹೇಗೆ?

ಸ್ವಂತ ಗಾಡಿಯವರಿಗೂ ಕನಿಷ್ಠ ದರ ನಿಗದಿ ಮಾಡುವ ಧೈರ್ಯವನ್ನು ಆಸ್ಟ್ರೇಲಿಯಾ ತೋರಿಸಿತ್ತು. ಅದು ಮುಗ್ಗರಿಸಿದ್ದು ಹೆಚ್ಚಾಗಿ ರಿಟರ್ನ್ ಲೋಡಿನ ವಿಚಾರದಲ್ಲೇ. ರಸ್ತೆ ಸುರಕ್ಷತೆ ಮತ್ತು ಚಾಲಕರ ಸಂಭಾವನೆ ಎರಡನ್ನೂ ಒಟ್ಟಿಗೆ ನೋಡುವ ನ್ಯಾಯಮಂಡಳಿಯೊಂದನ್ನು ಅಲ್ಲಿ 2012ರಲ್ಲಿ ಸ್ಥಾಪಿಸಿದರು. ದೂರದ ಓಟ ಮತ್ತು ಸೂಪರ್‌ಮಾರ್ಕೆಟ್ ಸಾಗಣೆಯ ಒಪ್ಪಂದದ ಚಾಲಕರಿಗೆ ಗಂಟೆಗೂ ಕಿಲೊಮೀಟರಿಗೂ ಕನಿಷ್ಠ ದರ ಗೊತ್ತುಮಾಡಿದ ಅದರ ಆದೇಶ 2016ರ ಏಪ್ರಿಲ್ 7ರಂದು ಜಾರಿಯಾಯಿತು. ಸ್ವಾಗತಿಸಬೇಕಾಗಿದ್ದ ಸ್ವಂತ ಗಾಡಿಯ ಚಾಲಕರಲ್ಲೇ ಸಾವಿರಾರು ಜನ ತಿರುಗಿಬಿದ್ದರು. ಟ್ರಕ್ಕುಗಳ ಸಾಲು ರಾಜಧಾನಿ ಕ್ಯಾನ್‌ಬೆರಾಗೆ ಹೊರಟಿತು. ಏಪ್ರಿಲ್ 21ರ ಹೊತ್ತಿಗೆ ಸಂಸತ್ತು ನ್ಯಾಯಮಂಡಳಿಯನ್ನೇ ರದ್ದು ಮಾಡಿತ್ತು. ಆದೇಶ ಬದುಕಿದ್ದು ಎರಡೇ ವಾರ.

ಆ ಚಾಲಕರ ಸಂಕಟ ನಿಜವಾದದ್ದು. ವಾಪಸ್ ಬರುವಾಗ ಅರ್ಧಂಬರ್ಧ ಲೋಡನ್ನು ಡೀಸೆಲ್ ಖರ್ಚು ಹುಟ್ಟುವಷ್ಟು ದರಕ್ಕಾದರೂ ತುಂಬಿಕೊಂಡು ಬರುವುದು ಅವರ ಬದುಕಿನ ಲೆಕ್ಕವಾಗಿತ್ತು. ಆ ಲೋಡಿಗೂ ಪೂರ್ತಿ ಕನಿಷ್ಠ ದರವನ್ನೇ ಕೊಡಬೇಕೆಂದಾಗ ಗಿರಾಕಿ ಸರಕನ್ನು ದೊಡ್ಡ ಕಂಪನಿಗೆ ಕೊಟ್ಟ. ಆ ಕಂಪನಿಯ ಸಂಬಳದ ಚಾಲಕರಿಗೆ ಈ ಆದೇಶ ಅನ್ವಯಿಸುತ್ತಿರಲಿಲ್ಲ. ಹೀಗೆ ರಕ್ಷಿಸಬೇಕಾದವರನ್ನೇ ಆದೇಶ ಮಾರುಕಟ್ಟೆಯಿಂದ ಹೊರಗೆ ದೂಡುವ ಭಯ ಹುಟ್ಟಿತು. ಕನಿಷ್ಠ ದರವೇ ತಪ್ಪು ಎಂದು ಇದರಿಂದ ತೀರ್ಮಾನಿಸಿದವರು ಬಹಳ. ನನಗೆ ಹಾಗನ್ನಿಸುವುದಿಲ್ಲ. ಹೋಗುವ ದಾರಿಯನ್ನೂ ಬರುವ ದಾರಿಯನ್ನೂ ಒಂದೇ ದರದಲ್ಲಿ ಅಳೆದದ್ದು, ಒಂದು ಬಗೆಯ ಚಾಲಕರಿಗೆ ಮಾತ್ರ ನಿಯಮ ಮಾಡಿದ್ದು ಅಲ್ಲಿನ ತಪ್ಪು. ಆಸ್ಟ್ರೇಲಿಯಾದವರೂ ವಿಷಯವನ್ನು ಅಲ್ಲಿಗೇ ಬಿಡಲಿಲ್ಲ. 2024ರ ಹೊಸ ಕಾನೂನು ರಸ್ತೆ ಸಾಗಣೆಯಲ್ಲಿ ಕನಿಷ್ಠ ಮಾನದಂಡಗಳನ್ನು ನಿಗದಿ ಮಾಡುವ ಅಧಿಕಾರವನ್ನು ಅಲ್ಲಿನ ಫೇರ್ ವರ್ಕ್ ಆಯೋಗಕ್ಕೆ ಕೊಟ್ಟಿದೆ. ಈ ಸಲ ಚಾಲಕರು, ಕಂಪನಿಗಳು, ಗಿರಾಕಿಗಳು ಎಲ್ಲರನ್ನೂ ಕೇಳಿ ನಿಧಾನವಾಗಿ ಸಾಗುವ ಏರ್ಪಾಡು.

ಹಾಗಾದರೆ ನ್ಯಾಯವಾದ ದರ ಯಾವುದು? ಖಾಲಿ ದಾರಿಗೆ ಲಾಭ ಸೇರಿಸಿ ಕೊಡಬೇಕಿಲ್ಲ. ಗಾಡಿ ಓಡಿಸುವ ಖರ್ಚು ಮತ್ತು ಓಡಿಸಿದ ಗಂಟೆಗಳಿಗೆ ಕನಿಷ್ಠ ಕೂಲಿ, ಇಷ್ಟನ್ನು ಮೊದಲ ಲೋಡಿನ ಗಿರಾಕಿ ಕೊಡಬೇಕು. ಎಲ್ಲಿಯವರೆಗೆ? ಮನೆಯವರೆಗೂ ಎಂದು ನಾನು ಹಟ ಹಿಡಿಯುವುದಿಲ್ಲ, ಸರಕು ಸಿಗುವ ಮೊದಲ ದೊಡ್ಡ ಊರಿನವರೆಗೆ ಸಾಕು. ಮಯಾಮಿಯ ಲೆಕ್ಕದಲ್ಲಿ ಅದು ಅಟ್ಲಾಂಟಾ. 660 ಮೈಲಿ, ಮೈಲಿಗೆ 70 ಸೆಂಟಿನಂತೆ 462 ಡಾಲರ್, 13 ಗಂಟೆಯ ಕೂಲಿ ಸೇರಿಸಿದರೆ ಸುಮಾರು 556 ಡಾಲರ್. ಕಾರ್ಖಾನೆಯ ಲೈನ್ ನಿಂತರೆ ಆಗುವ ನಷ್ಟದ ಎದುರು ಇದು ದೊಡ್ಡ ಮೊತ್ತವೇನಲ್ಲ. ಚಾಲಕನಿಗೆ ದಾರಿಯಲ್ಲಿ ಲೋಡು ಸಿಕ್ಕಿದರೆ ಉಳಿದ ಮೈಲಿಗಳ ಮೊತ್ತದಲ್ಲಿ ಅರ್ಧ ಗಿರಾಕಿಗೆ ಹಿಂದಿರುಗಲಿ, ಅರ್ಧ ಚಾಲಕನಲ್ಲೇ ಉಳಿಯಲಿ. ಪೂರ್ತಿ ಕಿತ್ತುಕೊಂಡರೆ ಅವನಿಗೆ ಲೋಡು ಹುಡುಕುವ ಉತ್ಸಾಹ ಇರುವುದಿಲ್ಲ, ಪೂರ್ತಿ ಬಿಟ್ಟುಕೊಟ್ಟರೆ ಗಿರಾಕಿಗೆ ಅನ್ಯಾಯ. ಸರಕು ಇಳಿಸಿದ ಮೇಲೆ ಅಲ್ಲೇ ಇರು, ಬೇರೆ ಲೋಡು ಬರಬಹುದು ಎಂದು ಕಂಪನಿ ಹೇಳಿದರೆ ಆ ಕಾಯುವಿಕೆಯೂ ಕಂಪನಿಯ ಖರ್ಚು.

ಇದೆಲ್ಲ ಲೋಡು ಒಪ್ಪಿಕೊಳ್ಳುವ ಮೊದಲೇ ಚಾಲಕನ ಫೋನಿನ ಪರದೆಯ ಮೇಲೆ ಕಾಣಬೇಕು. ಇಳಿಸಿದ ಮೇಲೆ ನಡೆಯುವ ಚೌಕಾಸಿಯಲ್ಲಿ ಮನೆಯಿಂದ ಸಾವಿರ ಮೈಲಿ ಆಚೆ ಖಾಲಿ ಗಾಡಿಯೊಂದಿಗೆ ನಿಂತವನು ಎಂದಿಗೂ ಗೆಲ್ಲಲಾರ. ಗಿರಾಕಿ ನಿಜಕ್ಕೂ ಎಷ್ಟು ಕೊಟ್ಟ ಎಂಬುದೂ ಅವನಿಗೆ ತಿಳಿಯಬೇಕು. ಎಷ್ಟೋ ಸಲ ತುರ್ತಿನ ಹೆಸರಿನಲ್ಲಿ ಗಿರಾಕಿಯಿಂದ ಎರಡೂ ದಾರಿಗೆ ಸಾಲುವಷ್ಟು ಹಣ ಬಂದಿದ್ದು, ಅದು ನಡುವಿನ ಬ್ರೋಕರ್‌ನಲ್ಲೇ ಉಳಿದಿರಬಹುದು. ಬ್ರೋಕರ್ ಮೂಲಕ ನಡೆದ ವಹಿವಾಟಿನ ದಾಖಲೆಯನ್ನು ನೋಡುವ ಹಕ್ಕನ್ನು ಅಮೆರಿಕದ ನಿಯಮಗಳು ವಹಿವಾಟಿನ ಎಲ್ಲ ಪಕ್ಷಗಳಿಗೂ ಕೊಟ್ಟಿವೆ. ಆದರೆ ಆ ಹಕ್ಕನ್ನು ಬಿಟ್ಟುಕೊಟ್ಟಿದ್ದೇನೆ ಎಂಬ ಸಾಲನ್ನು ಒಪ್ಪಂದದಲ್ಲೇ ಸೇರಿಸಿ ಸಹಿ ಹಾಕಿಸಿಕೊಳ್ಳುವುದು ರೂಢಿಯಾಗಿದೆ. ಈ ಸಾಲನ್ನು ಅಸಿಂಧುಗೊಳಿಸಿದರೆ ಸಾಕು, ಮಿಕ್ಕ ಎಷ್ಟೋ ಸುಧಾರಣೆಗೆ ದಾರಿ ತೆರೆಯುತ್ತದೆ.

ನಮ್ಮಲ್ಲಿ ಈ ನ್ಯಾಯ ಅರ್ಧ ಆಗಲೇ ಜಾರಿಯಲ್ಲಿದೆ, ನಾವು ಗಮನಿಸಿಲ್ಲ ಅಷ್ಟೆ. ಬೆಂಗಳೂರಿನಿಂದ ಧರ್ಮಸ್ಥಳಕ್ಕೋ ಹೊರನಾಡಿಗೋ ಟ್ಯಾಕ್ಸಿ ಮಾಡಿದವರಿಗೆಲ್ಲ ಗೊತ್ತು, ಲೆಕ್ಕ ಗ್ಯಾರೇಜ್ ಟು ಗ್ಯಾರೇಜ್. ದಿನಕ್ಕೆ ಕನಿಷ್ಠ ಇಷ್ಟು ಕಿಲೊಮೀಟರ್ ಎಂದಿರುತ್ತದೆ, ಡ್ರೈವರ್ ಬಾಟಾ ಬೇರೆ. ಬರೀ ಡ್ರಾಪ್ ಸಾಕು ಎಂದರೂ ಅನೇಕ ಕಡೆ ವಾಪಸ್ ದಾರಿಯ ಬಾಡಿಗೆಯನ್ನು ಸೇರಿಸಿಯೇ ಹೇಳುತ್ತಾರೆ. ಗಾಡಿ ನಮ್ಮ ಸಲುವಾಗಿಯೇ ಅಷ್ಟು ದೂರ ಬಂದದ್ದು ಎಂದು ನಾವೂ ಒಪ್ಪಿ ಕೊಡುತ್ತೇವೆ. ಅದೇ ನಾವು ಒಂದು ಪಿಕಪ್‌ನಲ್ಲಿ ಸಾಮಾನು ಕಳಿಸುವಾಗ ಮಾತ್ರ ಒಂದು ಕಡೆಯ ಬಾಡಿಗೆಗೆ ಚೌಕಾಸಿ ಮಾಡುತ್ತೇವೆ. ಕೋಲಾರದ ಎಪಿಎಂಸಿಯಿಂದ ಟೊಮೆಟೊ ತುಂಬಿಕೊಂಡು ಕೋಲ್ಕತ್ತಾ, ದೆಹಲಿ ಕಡೆ ಓಡುವ ಲಾರಿ, ಮಲ್ಪೆಯಿಂದ ಐಸು ಹಾಕಿದ ಮೀನು ಹೊತ್ತು ರಾತ್ರಿಯೆಲ್ಲ ಓಡುವ ಗಾಡಿ, ಬಿಡದಿಯ ಕಾರು ಕಾರ್ಖಾನೆಗಳ ಸುತ್ತ ಬಿಡಿಭಾಗ ಮುಟ್ಟಿಸುವ ಸಣ್ಣ ವಾಹನ ಎಲ್ಲವೂ ನಮ್ಮ ತುರ್ತು ಸಾಗಣೆಯೇ. ಮೀನಿನ ಗಾಡಿಯ ಕಷ್ಟ ಇನ್ನೂ ಹೆಚ್ಚು. ಆ ವಾಸನೆಗೆ ಬೇರೆ ಸರಕು ಹಾಕುವವರೇ ಕಡಿಮೆ, ಖಾಲಿ ಕ್ರೇಟುಗಳನ್ನೂ ಹೊತ್ತು ತರಬೇಕು.

ನಮ್ಮ ಕಾನೂನಿನಲ್ಲೂ ಹಿಡಿಯಬಹುದಾದ ಒಂದು ಎಳೆ ಇದೆ. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ಕೆಲಸದ ಗಂಟೆಗಳನ್ನು ವಿವರಿಸುವಾಗ ವಾಹನ ದಿನದ ಆರಂಭದಲ್ಲಿ ಹೊರಟಾಗಿನಿಂದ ದಿನದ ಕೊನೆಗೆ ನಿಲ್ಲುವವರೆಗಿನ ಓಟದ ಸಮಯವನ್ನು ಸೇರಿಸುತ್ತಿತ್ತು. ಗಾಡಿ ತುಂಬಿತ್ತೋ ಖಾಲಿಯಿತ್ತೋ ಎಂಬ ಭೇದ ಅಲ್ಲಿರಲಿಲ್ಲ. ಆ ವ್ಯಾಖ್ಯಾನದ ಪ್ರಕಾರ ಖಾಲಿ ವಾಪಸಾತಿಯೂ ಕೆಲಸವೇ ಆಗಿತ್ತು. ಆದರೆ ಟರ್ಮಿನಲ್‌ನಲ್ಲಿ ಸುಮ್ಮನೆ ಹಾಜರಿರುವ ಹೊತ್ತನ್ನು ಅದು ಲೆಕ್ಕಕ್ಕೆ ತೆಗೆದುಕೊಳ್ಳುತ್ತಿದ್ದುದು ಹದಿನೈದು ನಿಮಿಷಕ್ಕಿಂತ ಕಡಿಮೆಯಿದ್ದಾಗ ಮಾತ್ರ. ಗೋದಾಮಿನ ಗೇಟಿನಲ್ಲಿ ಅರ್ಧ ದಿನ ಕಾದವನಿಗೆ ಇದರಿಂದ ಏನೂ ಸಿಗುತ್ತಿರಲಿಲ್ಲ. ಐದು ಅಥವಾ ಹೆಚ್ಚು ಕಾರ್ಮಿಕರಿದ್ದ ಸಂಸ್ಥೆಗಳಿಗೆ ಅನ್ವಯಿಸುತ್ತಿದ್ದ ಕಾಯ್ದೆ ಅದು. ನಮ್ಮ ಲಾರಿಗಳಲ್ಲಿ ಬಹುಪಾಲು ಒಂದೆರಡು ಗಾಡಿಯ ಸಣ್ಣ ಮಾಲೀಕರವು, ಡ್ರೈವರಿಗೆ ದುಡ್ಡು ಟ್ರಿಪ್ಪಿನ ಲೆಕ್ಕದಲ್ಲಿ. ಆ ಕಾಯ್ದೆಯನ್ನು ಒಳಗೊಂಡ 2020ರ ವೃತ್ತಿ ಸುರಕ್ಷತೆಯ ಸಂಹಿತೆ 2025ರ ನವೆಂಬರ್ 21ರಂದು ಜಾರಿಗೆ ಬಂದಿದೆ. ಸರಕು ಬಾಡಿಗೆಯ ಕನಿಷ್ಠ ಮತ್ತು ಗರಿಷ್ಠ ದರದ ಬಗ್ಗೆ ನಿರ್ದೇಶನ ಕೊಡುವ ಅಧಿಕಾರವಂತೂ ಮೋಟಾರು ವಾಹನ ಕಾಯ್ದೆಯ 67ನೇ ಸೆಕ್ಷನ್ ಪ್ರಕಾರ ರಾಜ್ಯ ಸರ್ಕಾರಕ್ಕೆ ಮೊದಲಿನಿಂದಲೂ ಇದೆ. ಅದನ್ನು ಬಳಸುವಾಗ ಆಸ್ಟ್ರೇಲಿಯಾದ ಎಡವಟ್ಟು ಇಲ್ಲಿ ಮರುಕಳಿಸಬಾರದು. ತುಂಬಿದ ದಾರಿಗೆ ಒಂದು ದರ, ಖಾಲಿ ದಾರಿಗೆ ಖರ್ಚಿನ ಮಟ್ಟದ ಇನ್ನೊಂದು ದರ, ಕಾಯಿಸಿದ್ದಕ್ಕೆ ಗಂಟೆಯ ಲೆಕ್ಕ ಎಂದು ಮೂರನ್ನೂ ಬಿಡಿಬಿಡಿಯಾಗಿ ಬರೆಯಬೇಕು. ಬರೆಯುವ ಮೊದಲು ಲಾರಿ ಮಾಲೀಕರ ಸಂಘಗಳ ಜತೆಗೆ ಗಾಡಿ ಓಡಿಸುವವರನ್ನೂ ಕರೆಸಿ, ಅವರ ಟ್ರಿಪ್ಪಿನ ಚೀಟಿಗಳನ್ನು ಮೇಜಿನ ಮೇಲೆ ಹರಡಿಕೊಂಡು ಕೂರಬೇಕು.